ಎರಡು ಬೆಟ್ಟಗಳ ನಡುವಿನ ಏರಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ‘ಪ್ರಾದೇಶಿಕ ನಿಸರ್ಗಚಿತ್ರ ಮತ್ತು ರಾಷ್ಟ್ರೀಯ ಅಸ್ಮಿತೆ’. ಆಹ್ವಾನ ಪತ್ರಿಕೆಯಲ್ಲಿ ಇದನ್ನು ಓದಿದವರು ಇದು ವಿಶ್ವವಿದ್ಯಾನಿಲಯದ ಮಾತು, ನಮಗಲ್ಲ ಎಂದುಕೊಂಡಿರಬಹುದು. ಆದರೆ ಪ್ರಶ್ನೆ ಸರಳವಾದದ್ದು. ನಮ್ಮೂರಿನ ಕೆರೆ, ಗುಡ್ಡ, ಹೊಲಗಳ ಚಿತ್ರಕ್ಕೂ ದೇಶ ಎನ್ನುವ ದೊಡ್ಡ ಮಾತಿಗೂ ಏನು ಸಂಬಂಧ? ದೇಶದ ಚಿತ್ರವನ್ನು ಬರೆದವರು ಯಾರು? ಅದರಲ್ಲಿ ನಮ್ಮ ನೆಲ ಇದೆಯೇ? ಇದನ್ನು ಕೇಳಲು ಪ್ರೌಢಶಾಲೆಗಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಏಕೆಂದರೆ ಈ ನೆಲದ ಬಹುಪಾಲು ಜನ ತಮ್ಮ ಬದುಕಿನಲ್ಲಿ ಕೊನೆಯ ಸಲ ಬಣ್ಣದ ಕುಂಚ ಹಿಡಿಯುವುದು ಇಲ್ಲಿಯೇ.

ಇಲ್ಲಿರುವ ಶಿಕ್ಷಕರಿಗೆಲ್ಲ ಗೊತ್ತಿರುವ ಒಂದು ಚಿತ್ರದಿಂದ ತೊಡಗುತ್ತೇನೆ. ಮಕ್ಕಳಿಗೆ ‘ಒಂದು ನಿಸರ್ಗಚಿತ್ರ ಬರೆಯಿರಿ’ ಎಂದು ಹೇಳಿ ನೋಡಿ. ಹತ್ತರಲ್ಲಿ ಎಂಟು ಮಕ್ಕಳು ಎರಡು ತ್ರಿಕೋನದ ಬೆಟ್ಟ ಬರೆಯುತ್ತಾರೆ. ನಡುವೆ ಅರ್ಧ ಸೂರ್ಯ. ಸೂರ್ಯನ ಕೆಳಗಿನಿಂದ ಹಾವಿನಂತೆ ಬಳುಕಿ ಬರುವ ಹೊಳೆ. ಬಲಗಡೆ ಇಳಿಜಾರು ಮಾಡಿನ ಒಂದು ಮನೆ, ಪಕ್ಕದಲ್ಲಿ ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಗೀಟು ಹಕ್ಕಿ. ಜಗಳೂರಿನ ಮಗುವೂ ಇದನ್ನೇ ಬರೆಯುತ್ತದೆ, ನ್ಯಾಮತಿಯ ಮಗುವೂ ಇದನ್ನೇ ಬರೆಯುತ್ತದೆ. ಜಗಳೂರಿನಲ್ಲಿ ಬಳುಕುವ ಹೊಳೆ ಎಲ್ಲಿದೆ? ಹೊನ್ನಾಳಿಯಲ್ಲಿ ತುಂಬಿ ಹರಿಯುವ ತುಂಗಭದ್ರೆ ಆ ಹಾವಿನ ಗೆರೆಯಂತಿದೆಯೇ? ಮಗು ಸುಳ್ಳು ಬರೆಯುತ್ತಿದೆ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಯಾರೋ ಒಂದು ಸಿದ್ಧ ಚಿತ್ರ ಕೊಟ್ಟಿದ್ದಾರೆ, ‘ನಿಸರ್ಗ’ ಎಂದರೆ ಇದೇ ಎಂದು ಕಲಿಸಿದ್ದಾರೆ. ಕಿಟಕಿಯ ಆಚೆ ಇರುವುದು ಚಿತ್ರಕ್ಕೆ ಯೋಗ್ಯವಲ್ಲ ಎಂಬ ಪಾಠವೂ ಅದರ ಜೊತೆಗೇ ಬಂದಿದೆ. ಸಿದ್ಧ ಚಿತ್ರಗಳ ಈ ಕಥೆ ಮಕ್ಕಳದ್ದು ಮಾತ್ರವಲ್ಲ, ದೇಶಗಳದ್ದೂ ಹೌದು.

ಕನ್ನಡ ನಾಡಿನ ನೆಲವನ್ನು ಕಾಗದದ ಮೇಲೆ ಬಿಡಿ ದೃಶ್ಯವಾಗಿ, ಇದ್ದಲ್ಲೇ ನೋಡಿ ಬರೆದ ಮೊದಮೊದಲ ದೊಡ್ಡ ಚಿತ್ರಮಾಲೆಗಳು ಯುದ್ಧದ ಜೊತೆಯಲ್ಲಿ ಬಂದವು. ಮೂರನೆಯ ಮೈಸೂರು ಯುದ್ಧದಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯದ ಜೊತೆ ರಾಬರ್ಟ್ ಹೋಮ್ ಎಂಬ ಇಂಗ್ಲಿಷ್ ಚಿತ್ರಕಾರ ಬಂದ. ಬೆಂಗಳೂರು, ಸಾವನದುರ್ಗ, ಶಿವಗಂಗೆ, ಶ್ರೀರಂಗಪಟ್ಟಣದ ನೋಟಗಳನ್ನು ಬರೆದುಕೊಂಡು 1794ರಲ್ಲಿ ಪುಸ್ತಕವಾಗಿ ಹೊರತಂದ. ಫಿರಂಗಿ ದಳದ ಅಧಿಕಾರಿ ಜೇಮ್ಸ್ ಹಂಟರ್ ಬರೆದ ಮೈಸೂರು ಸೀಮೆಯ ಚಿತ್ರಗಳು ಅವನು ಸತ್ತ ಮೇಲೆ, 1805ರ ಸುಮಾರಿಗೆ ಲಂಡನ್ನಿನಲ್ಲಿ ಅಚ್ಚಾದವು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸಂಸ್ಥಾನದ ಸರ್ವೆ ಶುರುಮಾಡಿದ. ಅವನ ತಂಡದವರು ಬೆಟ್ಟ, ಕೋಟೆ, ಗುಡಿಗಳನ್ನು ಅಳೆದರು, ಬರೆದರು.

ಈ ಚಿತ್ರಗಳು ಚೆನ್ನಾಗಿವೆ, ಚರಿತ್ರೆಗೆ ಅವುಗಳಿಂದ ದೊಡ್ಡ ಉಪಕಾರವಾಗಿದೆ. ಆದರೆ ಅವುಗಳಲ್ಲಿ ನೋಡುವವನು ನಿಂತಿರುವ ಜಾಗವನ್ನು ಗಮನಿಸಿ. ಕೋಟೆ ದೂರದಲ್ಲಿದೆ, ಬೆಟ್ಟ ಎದುರಿಗಿದೆ. ಅದು ಹತ್ತಬೇಕಾದ, ಗೆಲ್ಲಬೇಕಾದ ಬೆಟ್ಟ. ನಮ್ಮ ಚನ್ನಗಿರಿಯ ಗುಡ್ಡದ ಮೇಲಿನ ಕೋಟೆಯನ್ನು ಬಲ್ಲವರಿಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ಕೆಳಗಿನಿಂದ ಸೈನಿಕ ನೋಡಿದಾಗ ಆ ಗುಡ್ಡ ಒಂದು ಅಡ್ಡಿ. ಮೇಲಿನಿಂದ ಊರವನು ನೋಡಿದಾಗ ಕಾಣುವುದು ಅವನ ಓಣಿ, ತೋಟ, ತೇರಿನ ಬೀದಿ. ನೆಲ ಒಂದೇ, ನಿಂತ ಜಾಗ ಬೇರೆ. ಚಿತ್ರ ನಿಂತ ಜಾಗದಿಂದ ಹುಟ್ಟುತ್ತದೆ.

ಹಾಗಾದರೆ ಅದಕ್ಕೆ ಮೊದಲು ನಮ್ಮ ಜನ ತಮ್ಮ ನೆಲವನ್ನು ನೋಡಲೇ ಇಲ್ಲವೇ? ಖಂಡಿತ ನೋಡಿದರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿ, ಗೋದಾವರಿ ಎಂಬ ಎರಡು ನದಿಗಳಿಂದ ಗುರುತಿಸಿತು. ಅದಕ್ಕಿಂತ ಹತ್ತಿರದ ಸಾಕ್ಷಿ ನಮ್ಮ ತಾಲ್ಲೂಕುಗಳ ಶಾಸನಗಳಲ್ಲಿದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ಹನ್ನೊಂದನೆಯ ಸಂಪುಟದಲ್ಲಿ ಜಗಳೂರಿನ ಶಾಸನಗಳಿವೆ. ಭೂಮಿ ದಾನ ಮಾಡಿದ ಶಾಸನಗಳಲ್ಲಿ ಸಾಮಾನ್ಯವಾಗಿ ಎಲ್ಲೆ ಹೇಳುವ ಭಾಗವೊಂದಿರುತ್ತದೆ. ಮೂಡಲಿಗೆ ಇಂಥ ಕೆರೆ, ತೆಂಕಲಿಗೆ ಇಂಥ ಹಳ್ಳ, ಪಡುವಲಿಗೆ ಹುಣಸೆಮರ, ಬಡಗಲಿಗೆ ನೆಟ್ಟ ಕಲ್ಲು, ಹುತ್ತ, ದಾರಿ. ರಾಜನ ಬಿರುದುಗಳನ್ನು ಹೇಳುವಾಗ ಕವಿ ಎಷ್ಟು ಬೇಕಾದರೂ ಹಿಗ್ಗಿಸಬಹುದು. ಎಲ್ಲೆ ಹೇಳುವಾಗ ಒಂದು ಮರವನ್ನೂ ಹಿಗ್ಗಿಸುವಂತಿಲ್ಲ, ಏಕೆಂದರೆ ಅದರ ಮೇಲೆ ಒಬ್ಬ ಬಡ ಬೇಸಾಯಗಾರನ ಅನ್ನ ನಿಂತಿದೆ. ನನ್ನ ಪಾಲಿಗೆ ಈ ಎಲ್ಲೆಯ ಸಾಲುಗಳೇ ನಮ್ಮ ಮೊದಲ ನಿಸರ್ಗಚಿತ್ರಗಳು. ನೆಲವನ್ನು ಒಳಗಿನಿಂದ, ಹೆಸರು ಹಿಡಿದು, ತಪ್ಪಿಲ್ಲದೆ ನೋಡುವ ಅಭ್ಯಾಸ ನಮಗೆ ಹೊಸದಲ್ಲ.

ಈಗ ಸ್ವಲ್ಪ ದೂರ ಹೋಗಿ ಬರೋಣ. ಒಂದು ಸಣ್ಣ ಊರಿನ ಚಿತ್ರ ಇಡೀ ದೇಶದ ಚಿತ್ರವಾಗುವುದು ಹೇಗೆ ಎಂಬುದಕ್ಕೆ ಇಂಗ್ಲೆಂಡಿನಲ್ಲಿ ಒಳ್ಳೆಯ ಉದಾಹರಣೆಯಿದೆ. ಜಾನ್ ಕಾನ್‌ಸ್ಟೆಬಲ್ ಎಂಬ ಚಿತ್ರಕಾರ ಸಫೋಕ್ ಎಂಬ ಸೀಮೆಯವನು. ಅವನ ಅಪ್ಪ ಹಿಟ್ಟಿನ ಗಿರಣಿಯ ಒಡೆಯ. ಆ ಗಿರಣಿಯ ಪಕ್ಕದ ಹೊಳೆಯಲ್ಲಿ ಒಂದು ಖಾಲಿ ಗಾಡಿ ನಿಂತಿರುವ ಚಿತ್ರವನ್ನು ಅವನು 1821ರಲ್ಲಿ ಬರೆದ. ಲಂಡನ್ನಿನ ಪ್ರದರ್ಶನದಲ್ಲಿ ಅದು ಮಾರಾಟವಾಗಲಿಲ್ಲ. 1824ರಲ್ಲಿ ಪ್ಯಾರಿಸಿನಲ್ಲಿ ಅದಕ್ಕೆ ಚಿನ್ನದ ಪದಕ ಬಂತು. ಇಂದು ಅದು ಲಂಡನ್ನಿನ ರಾಷ್ಟ್ರೀಯ ಗ್ಯಾಲರಿಯಲ್ಲಿದೆ, ಇಂಗ್ಲೆಂಡ್ ಎಂದರೆ ಹೀಗಿದೆ ಎಂದು ಜಗತ್ತು ನಂಬುವ ಚಿತ್ರ ಅದಾಗಿದೆ. ಕಾನ್‌ಸ್ಟೆಬಲ್ ದೇಶವನ್ನು ಬರೆಯುತ್ತೇನೆಂದು ಹೊರಟವನಲ್ಲ. ತಾನು ಹುಡುಗನಾಗಿ ಓಡಾಡಿದ ಹೊಳೆಯ ದಡವನ್ನು, ಅದರ ಮೇಲಿನ ಮೋಡವನ್ನು ನಿಯತ್ತಿನಿಂದ ಬರೆದ. ದೇಶ ಆಮೇಲೆ ಬಂದು ಅದನ್ನು ತನ್ನದೆಂದಿತು.

ಇದರ ಇನ್ನೊಂದು ಮುಖವನ್ನು ಕೆನಡಾದಲ್ಲಿ ನೋಡಬಹುದು. ಅಲ್ಲಿ 1920ರಲ್ಲಿ ಏಳು ಜನ ಚಿತ್ರಕಾರರು ಗುಂಪು ಕಟ್ಟಿ, ಯುರೋಪಿನ ಅನುಕರಣೆ ಸಾಕು, ನಮ್ಮ ಉತ್ತರದ ಕಾಡು, ಕೆರೆ, ಬಂಡೆಗಳೇ ನಮ್ಮ ದೇಶ ಎಂದು ಸಾರಿದರು. ಚಿತ್ರಗಳು ಬೆರಗು ಹುಟ್ಟಿಸುತ್ತವೆ. ಆದರೆ ಬಹುಪಾಲು ಚಿತ್ರಗಳಲ್ಲಿ ಮನುಷ್ಯರೇ ಇಲ್ಲ. ಆ ಕಾಡುಗಳಲ್ಲಿ ಸಾವಿರಾರು ವರ್ಷಗಳಿಂದ ಬಾಳಿದ ಮೂಲನಿವಾಸಿಗಳು ಚಿತ್ರದಲ್ಲಿ ಕಾಣುವುದಿಲ್ಲ. ನೋಡಿದವರಿಗೆ ಇದು ಯಾರೂ ಇಲ್ಲದ ಖಾಲಿ ನೆಲ ಎನ್ನಿಸುತ್ತದೆ. ನೆಲವನ್ನು ಪ್ರೀತಿಸುವ ಭರದಲ್ಲಿ ನೆಲದ ಮಕ್ಕಳನ್ನು ಅಳಿಸಿಬಿಡುವ ಅಪಾಯ ಇದು. ಈ ಎರಡು ಪಾಠಗಳನ್ನು ಜೊತೆಯಲ್ಲಿಟ್ಟುಕೊಂಡು ನಮ್ಮ ದೇಶಕ್ಕೆ ಬರೋಣ.

ನಮ್ಮ ರಾಷ್ಟ್ರೀಯ ಚಿತ್ರಕಲೆ ನಿಸರ್ಗದಿಂದ ಶುರುವಾಗಲಿಲ್ಲ. ಬಂಗಾಳದ ವಿಭಜನೆಯ ವರ್ಷವಾದ 1905ರಲ್ಲಿ ಅವನೀಂದ್ರನಾಥ ಠಾಕೂರರು ‘ಭಾರತಮಾತೆ’ಯನ್ನು ಬರೆದರು. ಕಾವಿ ಉಟ್ಟ, ನಾಲ್ಕು ಕೈಗಳ ತಾಯಿ. ಕೈಗಳಲ್ಲಿ ಪುಸ್ತಕ, ಪೈರಿನ ತೆನೆ, ಬಟ್ಟೆ, ಜಪಮಾಲೆ. ಪಾದದ ಬಳಿ ಬಿಳಿಯ ಕಮಲಗಳು. ಬೆಟ್ಟವಿಲ್ಲ, ಹೊಳೆಯಿಲ್ಲ, ಊರಿಲ್ಲ. ದೇಶ ಅಲ್ಲಿ ತಾಯಿಯಾಗಿ ಬಂದಳು, ನೆಲವಾಗಿ ಬರಲಿಲ್ಲ. ಆ ಕಾಲಕ್ಕೆ ಅದು ಬೇಕಾಗಿತ್ತು. ಚದುರಿಹೋದ ಜನಕ್ಕೆ ಕೈಮುಗಿಯಲು ಒಂದು ಮುಖ ಬೇಕಾಗಿತ್ತು.

ಮುಂದೆ ಅವರ ಶಿಷ್ಯ ನಂದಲಾಲ್ ಬೋಸರು ಶಾಂತಿನಿಕೇತನದ ಸುತ್ತಲಿನ ಕೆಂಪು ನೆಲ, ತಾಳೆಮರ, ಸಂತಾಲರ ಬದುಕಿನ ಕಡೆ ತಿರುಗಿದರು. ಸ್ವತಂತ್ರ ಭಾರತದ ಸಂವಿಧಾನದ ಮೂಲಪ್ರತಿಗೆ ಚಿತ್ರ ಬರೆಯುವ ಕೆಲಸ ಅವರಿಗೂ ಅವರ ಸಂಗಡಿಗರಿಗೂ ಬಂತು. ಮೊಹೆಂಜೊದಾರೋದ ಮುದ್ರೆಯಿಂದ ಗಾಂಧೀಜಿಯವರೆಗೆ ದೇಶದ ಚರಿತ್ರೆ ಆ ಪುಟಗಳಲ್ಲಿದೆ. ಕೊನೆಯ ಕಡೆಗೆ ದೇಶದ ನಿಸರ್ಗವನ್ನು ತೋರಿಸುವ ಮೂರು ದೃಶ್ಯಗಳಿವೆ. ಒಂದು ಹಿಮಾಲಯ, ಒಂದು ಮರುಭೂಮಿ, ಒಂದು ಸಮುದ್ರ. ಮೂರೂ ಭವ್ಯವಾದವು. ಆದರೆ ನಾವು ಕೂತಿರುವ ಈ ನೆಲ, ದಖ್ಖನ್ನಿನ ಪ್ರಸ್ಥಭೂಮಿ, ಆ ಮೂರರಲ್ಲಿ ಯಾವುದೂ ಅಲ್ಲ. ನಮ್ಮ ಬಂಡೆಗುಡ್ಡ, ಕೆರೆ, ಎರೆಹೊಲ, ಕುರುಚಲು ಕಾಡು ದೇಶದ ನಿಸರ್ಗ ಎಂದಾಗ ಯಾರ ಕಣ್ಣಿಗೂ ಥಟ್ಟನೆ ಬರುವುದಿಲ್ಲ. ನಂದಲಾಲರ ಮೇಲೆ ಇದು ದೂರಲ್ಲ. ಎಲ್ಲೆಯಲ್ಲಿರುವುದು ಬೇಗ ಕಾಣುತ್ತದೆ, ನಡುವೆ ಇರುವುದು ಕಾಣುವುದು ತಡ. ನಡುವಿನ ನೆಲವನ್ನು ತೋರಿಸುವ ಕೆಲಸ ಆ ನೆಲದವರದ್ದೇ.

ಕರ್ನಾಟಕದಲ್ಲಿ ಆ ಕೆಲಸ ಮಾಡಿದವರಲ್ಲಿ ಮೂವರನ್ನು ನೆನೆಯುತ್ತೇನೆ.

ಮೊದಲನೆಯವರು ಕೆ. ವೆಂಕಟಪ್ಪನವರು. ಮೈಸೂರಿನ ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥರ ಬಳಿ ಕಲಿತರು, ನಂದಲಾಲರ ಜೊತೆಗಾರರಾಗಿದ್ದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಪುರಾಣಕಥೆಗಳ ಪುಸ್ತಕ 1913ರಲ್ಲಿ ಬಂದಾಗ ಅದರಲ್ಲಿ ನಮ್ಮ ವೆಂಕಟಪ್ಪನವರ ಚಿತ್ರಗಳೂ ಇದ್ದವು. ಅಂದರೆ ರಾಷ್ಟ್ರೀಯ ಕಲೆಯ ಗರಡಿಯಲ್ಲೇ ಪಳಗಿದವರು. ಊರಿಗೆ ಮರಳಿದ ಮೇಲೆ ಅವರು ಜಲವರ್ಣ ಹಿಡಿದು 1920ರ ದಶಕದಲ್ಲಿ ಊಟಿಯ, ಆಮೇಲೆ ಕೊಡೈಕೆನಾಲಿನ ಬೆಟ್ಟಗಳ ಮುಂದೆ ಕೂತರು. ಮಂಜು ಏಳುವ ಗಳಿಗೆ, ಮೋಡ ಒಡೆಯುವ ಗಳಿಗೆ, ಬೆಳದಿಂಗಳು ಇವೇ ಅವರ ವಸ್ತು. ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತ ಈ ಮನುಷ್ಯ ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗುವಾಗ ಸ್ವರದಿಂದ ಸ್ವರಕ್ಕೆ ಜಾರಿದಂತೆ ಹೋಗುತ್ತಾರೆ. ಪುರಾಣದ ಭಾರತವನ್ನು ಬರೆಯಲು ಕಲಿತವರು ಕಣ್ಣೆದುರಿನ ಬೆಟ್ಟವನ್ನೂ ಅಷ್ಟೇ ಭಕ್ತಿಯಿಂದ ಬರೆಯಬಹುದೆಂದು ತೋರಿಸಿದರು. 1965ರಲ್ಲಿ ತೀರಿಕೊಂಡರು. ಬೆಂಗಳೂರಿನ ಕಬ್ಬನ್ ಪಾರ್ಕಿನ ಬಳಿ ಅವರ ಹೆಸರಿನ ಕಲಾ ಗ್ಯಾಲರಿ ಇದೆ. ಶಾಲಾ ಪ್ರವಾಸಕ್ಕೆ ಬೆಂಗಳೂರಿಗೆ ಹೋಗುವವರು ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಂಡ ಮೇಲೆ ಅಲ್ಲಿಗೂ ಒಂದು ಗಂಟೆ ಕೊಡಿ.

ಎರಡನೆಯವರು ರುಮಾಲೆ ಚನ್ನಬಸವಯ್ಯನವರು, ದೊಡ್ಡಬಳ್ಳಾಪುರದವರು, 1910ರಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿಯುತ್ತಿದ್ದ ಹುಡುಗ ಸ್ವಾತಂತ್ರ್ಯ ಚಳವಳಿಗೆ ಧುಮುಕಿದರು, ಸೇವಾದಳ ಕಟ್ಟಿದರು, ಜೈಲು ಕಂಡರು, ‘ತಾಯಿನಾಡು’ ಪತ್ರಿಕೆಯಲ್ಲಿ ದುಡಿದರು. ದೇಶಕ್ಕಾಗಿ ಕುಂಚವನ್ನು ವರ್ಷಗಟ್ಟಲೆ ಪಕ್ಕಕ್ಕಿಟ್ಟರು. 1960ರ ದಶಕದಲ್ಲಿ ರಾಜಕೀಯ ಬಿಟ್ಟು ಮತ್ತೆ ಕುಂಚ ಹಿಡಿದಾಗ ಅವರು ಬರೆದದ್ದು ಧ್ವಜವನ್ನಲ್ಲ, ನಾಯಕರನ್ನಲ್ಲ. ಬೆಂಗಳೂರಿನ ಹೂ ಬಿಟ್ಟ ಮರಗಳನ್ನು ಬರೆದರು. ಬಿಸಿಲಲ್ಲಿ ಉರಿಯುವ ಗುಲ್‌ಮೊಹರ್, ನೀಲಿ ಚೆಲ್ಲುವ ಜಕರಾಂಡ. 1988ರಲ್ಲಿ ತೀರಿಕೊಳ್ಳುವವರೆಗೂ ಬರೆದರು. ಇಲ್ಲಿ ಯೋಚಿಸಬೇಕಾದ ಒಂದು ಸಂಗತಿಯಿದೆ. ಗುಲ್‌ಮೊಹರ್ ಮೂಲತಃ ಮಡಗಾಸ್ಕರ್ ದ್ವೀಪದ ಮರ, ಜಕರಾಂಡ ದಕ್ಷಿಣ ಅಮೆರಿಕದ್ದು. ಪರಕೀಯರ ಆಳ್ವಿಕೆಯ ವಿರುದ್ಧ ಜೈಲಿಗೆ ಹೋದ ಮನುಷ್ಯ ಪರದೇಶದಿಂದ ಬಂದ ಮರಗಳನ್ನು ತನ್ನ ಊರಿನ ಮರಗಳೆಂದು ಪ್ರೀತಿಯಿಂದ ಬರೆದರು. ನಮ್ಮದು ಎನ್ನುವುದು ಎಲ್ಲಿಂದ ಬಂತು ಎಂಬುದರಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಎಷ್ಟು ದಿನ ಅದರ ನೆರಳಲ್ಲಿ ನಿಂತಿದ್ದೇವೆ, ಎಷ್ಟು ಗಮನವಿಟ್ಟು ನೋಡಿದ್ದೇವೆ ಎಂಬುದೂ ಅದನ್ನು ನಮ್ಮದು ಮಾಡುತ್ತದೆ.

ಮೂರನೆಯವರು ನಮ್ಮ ನೆರೆಯವರೇ, ಪಿ.ಆರ್. ತಿಪ್ಪೇಸ್ವಾಮಿಯವರು. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯವರು. ಕರ್ನಾಟಕದ ನಿಸರ್ಗವನ್ನು ಜಲವರ್ಣದಲ್ಲಿ ಬರೆದು ಹೆಸರಾದರು. ಅದೇ ಮನುಷ್ಯ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಹಳ್ಳಿಹಳ್ಳಿ ಸುತ್ತಿದರು. ಜನ ಬಳಸಿ ಬಿಟ್ಟ, ಅಟ್ಟದ ಮೇಲೆ ಧೂಳು ಹಿಡಿದ ಸಾಮಾನುಗಳನ್ನು ಕೂಡಿಹಾಕುವ ಕೆಲಸಕ್ಕೆ ತಮ್ಮ ಆಯುಷ್ಯದ ದೊಡ್ಡ ಪಾಲು ಕೊಟ್ಟರು. ಬೆಟ್ಟವನ್ನು ಬರೆದ ಕೈ ಬೆಟ್ಟದ ಬುಡದ ಮನೆಯ ಒಳಕಲ್ಲನ್ನೂ ಗೌರವದಿಂದ ಮುಟ್ಟಿತು. ಕೆನಡಾದ ಚಿತ್ರಗಳ ಬಗ್ಗೆ ಹೇಳಿದ ಕೊರತೆಗೆ ಇದು ನಮ್ಮ ನಾಡಿನ ಉತ್ತರ ಎಂದು ನನಗೆ ತೋರುತ್ತದೆ.

ಇನ್ನು ನಮ್ಮ ನಾಲ್ಕು ತಾಲ್ಲೂಕಿಗೆ ಬರೋಣ. ಚನ್ನಗಿರಿ, ಹೊನ್ನಾಳಿ ಮೊದಲು ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು. ನ್ಯಾಮತಿ ಈಚೆಗೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ನಕ್ಷೆಯ ಗೆರೆಗಳು ಹೀಗೆ ಸರಿದಾಡುತ್ತವೆ. ಒಂದೇ ಜಿಲ್ಲೆಯಾದ ಮಾತ್ರಕ್ಕೆ ನೆಲ ಒಂದೇ ಬಣ್ಣವಾಗಲಿಲ್ಲ. ಮಲೆನಾಡಿನ ಅಂಚಿನಿಂದ ಬರದ ಸೀಮೆಯವರೆಗೆ, ಬಸ್ಸಿನಲ್ಲಿ ಕೆಲವೇ ಗಂಟೆಯ ದಾರಿಯಲ್ಲಿ ಇಷ್ಟು ಬಗೆಯ ನೆಲ ಸಿಗುವುದು ಚಿತ್ರಕಾರನಿಗೆ ಭಾಗ್ಯ.

ಚನ್ನಗಿರಿಯ ಸೂಳೆಕೆರೆಯನ್ನು, ಶಾಂತಿಸಾಗರವನ್ನು ತೆಗೆದುಕೊಳ್ಳಿ. ಮಕ್ಕಳು ಬರೆಯುವ ಎರಡು ಬೆಟ್ಟದ ಚಿತ್ರ ನಿಜವಾಗಿ ಎಲ್ಲಾದರೂ ಇದ್ದರೆ ಅದು ಇಲ್ಲಿದೆ. ಎರಡು ಗುಡ್ಡ, ನಡುವೆ ಕಿರಿದಾದ ಕಣಿವೆ. ಆದರೆ ಇಲ್ಲಿ ಕಣಿವೆಯಲ್ಲಿ ಸೂರ್ಯನಿಗಿಂತ ಮೊದಲು ಕಾಣುವುದು ಏರಿ. ಹರಿದು ಬರುವ ಹರಿದ್ರಾ ಹಳ್ಳಕ್ಕೆ ಅಡ್ಡವಾಗಿ, ಎರಡು ಗುಡ್ಡಗಳನ್ನು ಜೋಡಿಸಿ, ಮನುಷ್ಯರು ಕಟ್ಟಿದ ಮಣ್ಣು ಕಲ್ಲುಗಳ ಏರಿ. ಶಾಂತವ್ವೆ ಕಟ್ಟಿಸಿದಳೆಂದು ಐತಿಹ್ಯ ಹೇಳುತ್ತದೆ. ಕಟ್ಟಿಸಿದವಳ ಹೆಸರಾದರೂ ಉಳಿದಿದೆ, ಮಂಕರಿ ಹೊತ್ತವರ ಹೆಸರು ಯಾವ ಕಥೆಯಲ್ಲೂ ಇಲ್ಲ. ಅಷ್ಟು ಗಿಡ್ಡ ಏರಿ ಅಷ್ಟು ದೊಡ್ಡ ನೀರನ್ನು ಶತಮಾನಗಳಿಂದ ಹಿಡಿದು ನಿಂತಿದೆ. ಏರಿಯ ಒಂದು ಕಡೆ ನೀರು, ಇನ್ನೊಂದು ಕಡೆ ಹಸಿರು. ಆ ಹಸಿರು ದೇವರು ಕೊಟ್ಟದ್ದು ಅರ್ಧ, ಏರಿ ಕಟ್ಟಿದವರು ಕೊಟ್ಟದ್ದು ಅರ್ಧ.

ನಾನು ಹೇಳಬೇಕೆಂದಿರುವ ಮಾತೂ ಇದೇ. ಎರಡು ಬೆಟ್ಟದ ನಡುವೆ ಸೂರ್ಯನನ್ನು ಬರೆಯುವ ಮಗುವಿಗೆ ನಾವು ಏರಿಯನ್ನು ತೋರಿಸಬೇಕು. ಏರಿಯನ್ನು ಬರೆದ ದಿನ ಅದು ತನ್ನ ಊರನ್ನು ಬರೆಯುತ್ತದೆ, ಊರು ಕಟ್ಟಿದವರನ್ನೂ ಬರೆಯುತ್ತದೆ. ಏರಿ ಇಲ್ಲದ ಚಿತ್ರದಲ್ಲಿ ಚೆಲುವು ಇರಬಹುದು, ನಾವು ಇರುವುದಿಲ್ಲ.

ಹೊನ್ನಾಳಿಗೆ ಬನ್ನಿ. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡಿ ಒಂದಾಗಿ ಹರಿದು ಬರುವ ಹೊಳೆ. ಮಳೆಗಾಲದಲ್ಲಿ ಅದರ ಬಣ್ಣ ಕೆಮ್ಮಣ್ಣು, ಚಳಿಗಾಲದಲ್ಲಿ ಬೂದು ಹಸಿರು, ಬೇಸಿಗೆಯಲ್ಲಿ ಬಂಡೆಯ ನಡುವೆ ಆಕಾಶದ ಚೂರು. ನೀರು ಎಂದರೆ ನೀಲಿ ಎಂದು ಬಣ್ಣದ ಪೆಟ್ಟಿಗೆ ಹೇಳುತ್ತದೆ. ಹೊಳೆಯ ದಂಡೆಯ ಮಗು ಅದನ್ನು ನಂಬಬೇಕಾಗಿಲ್ಲ.

ನ್ಯಾಮತಿಯಲ್ಲಿ ಮಲೆನಾಡು ಕೈಬಿಟ್ಟು ಬಯಲು ಹಿಡಿಯುವ ನೆಲ. ತೀರ್ಥರಾಮೇಶ್ವರದ ಗುಡ್ಡವಿದೆ. ಸುರಹೊನ್ನೆ ಎಂದು ಮರದ ಹೆಸರನ್ನೇ ಹೊತ್ತ ಊರಿದೆ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರ ಸಮುದಾಯ ಕೈಮುಗಿಯುವ ಸೂರಗೊಂಡನಕೊಪ್ಪವಿದೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿ ನಾಡಿನಿಂದ ನಾಡಿಗೆ ನಡೆದವರ ಹಾದಿ ಇದು. ಅವರ ಜಾತ್ರೆಯ ದಿನ ಆ ಗುಡ್ಡದ ಬಣ್ಣವೇ ಬೇರೆ. ದೇಶವನ್ನು ನಕ್ಷೆಯಲ್ಲಿ ನೋಡದೆ ಕಾಲಲ್ಲಿ ಅಳೆದ ಜನ ಅವರು. ತಾಂಡಾದ ಮಗಳು ಬರೆದ ಬೆಟ್ಟ ನಮ್ಮ ಬೆಟ್ಟಕ್ಕಿಂತ ಬೇರೆ ಇರುತ್ತದೆ. ಅದೂ ನಮ್ಮ ಸಂಪುಟದಲ್ಲಿ ಇರಬೇಕು.

ಜಗಳೂರಿನವರು ನಮ್ಮಲ್ಲಿ ಬರೆಯಲು ಏನಿದೆ ಎಂದು ಕೇಳಬಹುದು. ನನ್ನ ಕಣ್ಣಿಗೆ ಅದೇ ಕಷ್ಟದ, ಆದ್ದರಿಂದ ಒಳ್ಳೆಯ ವಸ್ತು. ಮುಕ್ಕಾಲು ಕಾಗದ ಆಕಾಶ. ಕೆಳಗೆ ಕೆಂಪು ನೆಲ, ಅಲ್ಲಲ್ಲಿ ಎರೆ, ದೂರದಲ್ಲಿ ಕುರಿಮಂದೆಯ ಧೂಳು, ಬಳ್ಳಾರಿ ಜಾಲಿ. ಆ ಜಾಲಿಯೂ ಅಮೆರಿಕ ಖಂಡದಿಂದ ಬಂದದ್ದೇ, ರುಮಾಲೆಯವರ ಗುಲ್‌ಮೊಹರಿನ ಬಡ ನೆಂಟ. ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ಕೊಂಡುಕುರಿ ಇದೆ. ನಾಲ್ಕು ಕೊಂಬಿನ ಈ ಪ್ರಾಣಿ ಭಾರತ ಮತ್ತು ನೇಪಾಳ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ಅದರ ಹೆಸರಿನಲ್ಲಿ ಅಲ್ಲಿ ವನ್ಯಧಾಮವೇ ಇದೆ. ದೇಶದ ಹೆಮ್ಮೆ ಎಂದು ಹುಲಿ, ಆನೆ ಬರೆಯುವ ಜಗಳೂರಿನ ಮಗುವಿಗೆ ತನ್ನ ತಾಲ್ಲೂಕಿನ ಕೊಂಡುಕುರಿಯ ಮುಖ ಗೊತ್ತಿರಬೇಡವೇ?

ಈ ದೃಶ್ಯಗಳು ನಿಂತಲ್ಲಿ ನಿಂತಿಲ್ಲ ಎಂಬುದೂ ನಿಮಗೆ ಗೊತ್ತು. ಚನ್ನಗಿರಿಯಲ್ಲಿ ಗದ್ದೆಗಳು ಅಡಿಕೆ ತೋಟವಾಗುತ್ತಿವೆ. ಎಲ್ಲೆಡೆ ಜೋಳ, ರಾಗಿಯ ಜಾಗಕ್ಕೆ ಮೆಕ್ಕೆಜೋಳ ಬಂದಿದೆ. ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ಬಂದಿದೆ. ಹೊನ್ನಾಳಿಯ ಮುಂದೆ ಹರಿದು ಹೋದ ನೀರು ಹರಿಹರದ ಕಡೆಯಿಂದ ಪೈಪಿನಲ್ಲಿ ಜಗಳೂರಿಗೆ ಹತ್ತುತ್ತದೆ. ಇದು ಸಂತೋಷದ ಬದಲಾವಣೆ. ಆದರೆ ಕೆರೆ ತುಂಬುವುದಕ್ಕೆ ಮೊದಲಿನ ಜಗಳೂರು ಹೇಗಿತ್ತು, ಅಜ್ಜಿ ಯಾವ ದಾರಿಯಲ್ಲಿ ಕೊಡ ಹೊತ್ತು ಹೋಗುತ್ತಿದ್ದಳು, ಆ ದಾರಿಯ ಪಕ್ಕ ಯಾವ ಮರವಿತ್ತು ಎಂಬುದನ್ನು ಈಗ ಬರೆದಿಡದಿದ್ದರೆ ಇನ್ನು 20 ವರ್ಷಕ್ಕೆ ಹೇಳುವವರಿರುವುದಿಲ್ಲ.

ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಮೊಬೈಲಿನಲ್ಲಿ ಫೋಟೋ ತೆಗೆಯಬಹುದಲ್ಲ ಎಂಬುದು. ತೆಗೆಯಿರಿ, ಬೇಡವೆನ್ನುವುದಿಲ್ಲ. ಆದರೆ ಫೋಟೋ ತೆಗೆಯಲು ಒಂದು ಕ್ಷಣ ಸಾಕು, ಚಿತ್ರ ಬರೆಯಲು ಎರಡು ಗಂಟೆ ಕೂರಬೇಕು. ಆ ಎರಡು ಗಂಟೆಯಲ್ಲಿ ನೆರಳು ಸರಿಯುವುದು ಕಾಣುತ್ತದೆ, ತೂಬಿನಿಂದ ನೀರು ಯಾವ ಹೊಲಕ್ಕೆ ಹೋಗುತ್ತದೆಂದು ತಿಳಿಯುತ್ತದೆ, ಹಾದುಹೋಗುವ ಹಿರಿಯರೊಬ್ಬರು ನಿಂತು ಆ ಗುಡ್ಡದ ಹೆಸರು ಹೇಳುತ್ತಾರೆ. ಕಲಿಕೆ ಅಲ್ಲಿದೆ.

ಎರಡನೆಯದು ಇನ್ನೂ ಗಂಭೀರವಾದದ್ದು. ಊರು, ಸೀಮೆ ಎಂದು ಒತ್ತಿ ಹೇಳಿದರೆ ದೇಶದ ಒಗ್ಗಟ್ಟಿಗೆ ಕುಂದಲ್ಲವೇ ಎಂಬುದು. ಕುವೆಂಪು ಅವರ ನಾಡಗೀತೆಯನ್ನು ಮಕ್ಕಳು ಶಾಲೆಯಲ್ಲಿ ಹಾಡುತ್ತಾರೆ. ಅದರಲ್ಲಿ ಕರ್ನಾಟಕ ಭಾರತಮಾತೆಯ ಮಗಳು. ಮಗಳ ಮುಖವನ್ನು ಸರಿಯಾಗಿ ಬರೆದರೆ ತಾಯಿಗೆ ಅವಮಾನವಾಗುವುದಿಲ್ಲ. ದೇಶ ಎನ್ನುವುದು ಎಲ್ಲರೂ ಒಂದೇ ಎರಡು ಬೆಟ್ಟವನ್ನು ಬರೆಯುವುದರಿಂದ ಗಟ್ಟಿಯಾಗುವುದಿಲ್ಲ. ಜಗಳೂರಿನವರ ಚಿತ್ರ ನೋಡಿ ನ್ಯಾಮತಿಯವರಿಗೆ ಅಲ್ಲಿಯ ಬಾಯಾರಿಕೆ ಅರ್ಥವಾದರೆ, ಚನ್ನಗಿರಿಯವರ ಚಿತ್ರ ನೋಡಿ ರಾಜಸ್ಥಾನದ ಮಗುವಿಗೆ ಕೆರೆ ಎಂದರೇನೆಂದು ತಿಳಿದರೆ, ಆಗ ಅದು ದೇಶ.

ಕೊನೆಯದಾಗಿ ಮಾಡಬಹುದಾದ ಕೆಲಸದ ಮಾತು. ದಾವಣಗೆರೆಯಲ್ಲಿ 1964ರಲ್ಲಿ ಆರಂಭವಾದ ಕಲಾಶಾಲೆ ಇಂದು ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯವಾಗಿ ನಡೆಯುತ್ತಿದೆ. ಕಲಿತು ಬಂದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಆದರೂ ಎಷ್ಟೋ ಪ್ರೌಢಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆ ಖಾಲಿಯಿದೆ. ಹುದ್ದೆಯಿದ್ದಲ್ಲೂ ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡದಲ್ಲಿ ಆ ಅವಧಿ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಹುದ್ದೆ ತುಂಬುವುದು ಸರ್ಕಾರದ ಕೆಲಸ, ಕೇಳುತ್ತಲೇ ಇರೋಣ. ಕೇಳುತ್ತಾ ಸುಮ್ಮನೆ ಕೂರದೆ ನಾವೂ ಸ್ವಲ್ಪ ಮಾಡೋಣ.

ಪ್ರತಿ ವರ್ಷ ಎಂಟು, ಒಂಬತ್ತನೆಯ ತರಗತಿಯ ಮಕ್ಕಳನ್ನು ಮಳೆಗಾಲ, ಚಳಿಗಾಲ, ಬೇಸಿಗೆ ಹೀಗೆ ಮೂರು ಸಲ ಊರಿನ ಒಂದೇ ಜಾಗಕ್ಕೆ ಕರೆದೊಯ್ದು ಬರೆಸಿ. ಒಂದು ನಿಯಮ ಮಾತ್ರ ಇರಲಿ: ಕಾಣದ್ದನ್ನು ಬರೆಯಬಾರದು. ಚಿತ್ರದ ಹಿಂದೆ ಜಾಗದ ಹೆಸರು, ತಾರೀಖು, ಹೊತ್ತು, ಎದುರಿಗೆ ಕಂಡ ಮರ, ಹಳ್ಳ, ಹೊಲದ ಹೆಸರು ಬರೆಸಿ, ನಮ್ಮ ಹಿರಿಯರು ಶಾಸನದಲ್ಲಿ ಎಲ್ಲೆ ಬರೆಸಿದ ಹಾಗೆ. ಹೆಸರು ಗೊತ್ತಿಲ್ಲದಿದ್ದರೆ ಮನೆಯ ಅಜ್ಜ ಅಜ್ಜಿಯನ್ನು ಕೇಳಿ ಬರಲಿ. ಹತ್ತು ಚಿತ್ರ ಆರಿಸಿ ಹೊಲಿದು ಗ್ರಂಥಾಲಯದಲ್ಲಿಡಿ. ಬಹುಮಾನ ಬೇಡ, ಸ್ಪರ್ಧೆಯೂ ಬೇಡ. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಕೊಡಬೇಕೆಂದಿದ್ದೀರಿ. ಗೋಡೆಗೆ ಇನ್ನೊಂದು ಹೆಸರಿನ ಕಲ್ಲು ಹಾಕಿಸುವ ಬದಲು ವರ್ಷಕ್ಕಾಗುವಷ್ಟು ಕಾಗದ, ಬಣ್ಣ ಕೊಡಿಸಿ. ಖರ್ಚು ಕಲ್ಲಿಗಿಂತ ಕಡಿಮೆ.

ಈ ಶಾಲೆಗೆ 50 ತುಂಬಿದೆ. 100 ತುಂಬುವ ದಿನ ಇಲ್ಲಿ ಕೂರುವವರ ಕೈಗೆ 50 ಸಂಪುಟಗಳಿರಲಿ. ಅವುಗಳನ್ನು ಬಿಡಿಸಿ ನೋಡಿದಾಗ ಈ ನೆಲ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು, ಇದರ ಮೇಲೆ ಯಾರು ದುಡಿದರು ಎಂಬುದು ಅವರಿಗೆ ಕಾಣಲಿ. ಅಂದು ಯಾರಾದರೂ ಭಾರತದ ನಿಸರ್ಗಚಿತ್ರದ ಚರಿತ್ರೆ ಬರೆಯುವುದಾದರೆ ನಮ್ಮ ಪ್ರಸ್ಥಭೂಮಿಯ ಪುಟಕ್ಕೆ ಚಿತ್ರ ಹುಡುಕಿಕೊಂಡು ಈ ಗ್ರಂಥಾಲಯಕ್ಕೇ ಬರಲಿ.